ಮಲಪ್ರಭೆಯ ದಂಡೆಯಲ್ಲಿ ಕಟ್ಟಡ, ಪರಿಸರ ಮತ್ತು ಸಾರ್ವಜನಿಕ ಸ್ಥಳ: ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಭಾಗದ ಒಂದು ಅವಲೋಕನ

ಕನ್ನಡದಲ್ಲಿ ವಾಸ್ತುಶಿಲ್ಪದ ಅಧ್ಯಯನವು ಬಹುಮಟ್ಟಿಗೆ ದೇವಾಲಯಗಳ ಅಧ್ಯಯನವಾಗಿ ಬೆಳೆದುಬಂದಿದೆ. ಅಧಿಷ್ಠಾನ, ಭಿತ್ತಿ, ಶಿಖರಗಳ ವಿವರಣೆ, ಶೈಲಿಗಳ ವರ್ಗೀಕರಣ, ಶಾಸನಗಳ ನೆರವಿನಿಂದ ಕಾಲನಿರ್ಣಯ ಇವು ಆ ಅಧ್ಯಯನದ ಮುಖ್ಯ ಕಾಳಜಿಗಳು. ಇವುಗಳ ಮಹತ್ವವನ್ನು ಒಪ್ಪಿಕೊಂಡೇ ಇನ್ನೊಂದು ಪ್ರಶ್ನೆಯನ್ನು ಎತ್ತಲು ಅವಕಾಶವಿದೆ. ಕಟ್ಟಡವೊಂದು ತಾನು ನಿಂತ ನೆಲಕ್ಕೆ, ಅಲ್ಲಿನ ನೀರಿಗೆ, ಬಿಸಿಲು ಮಳೆಗಳಿಗೆ ಹೇಗೆ ಹೊಂದಿಕೊಂಡಿತು? ಆ ಹೊಂದಾಣಿಕೆಯ ಫಲವಾಗಿ ಜನ ಕೂಡುವ, ಕೂರುವ, ಮಾತನಾಡುವ ತಾಣವೊಂದು ಹೇಗೆ ರೂಪುಗೊಂಡಿತು?

ಈ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಪ್ರದೇಶಗಳು ಉತ್ತಮ ಆಕರಗಳಾಗಿವೆ. ಈ ಭಾಗದ ಹಳೆಯ ಕಟ್ಟಡಗಳನ್ನು ಗಮನಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಹೆಚ್ಚಿನವು ಆ ಉದ್ದೇಶಕ್ಕೆಂದೇ ಪ್ರತ್ಯೇಕವಾಗಿ ಯೋಜಿಸಿ ಕಟ್ಟಿದವುಗಳಲ್ಲ. ಬಿಸಿಲು, ಮಳೆ, ಇಳಿಜಾರು, ನೀರುಗಳಿಗೆ ಉತ್ತರವಾಗಿ ಕಟ್ಟಡವು ತನ್ನ ಅಂಚಿನಲ್ಲಿ ಮಾಡಿಕೊಂಡ ಏರ್ಪಾಡೇ ಜನರಿಗೆ ತಾಣವಾಗಿ ಒದಗಿತು. ದೇವಾಲಯದ ಕಕ್ಷಾಸನ ಮತ್ತು ಪೌಳಿ, ಹೊಂಡದ ಮೆಟ್ಟಿಲು, ಊರಿನ ಅಗಸಿ, ಮನೆಯ ಕಟ್ಟೆ ಮತ್ತು ಮಾಳಿಗೆ ಇವೆಲ್ಲ ಅಂತಹ ಅಂಚುಗಳು. ಅವು ಹುಟ್ಟಿದ ಬಗೆಯನ್ನೂ ಇಂದು ಅವು ಎದುರಿಸುತ್ತಿರುವ ಸ್ಥಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನೆಲ, ಮಳೆ ಮತ್ತು ಮಾಡು

ಮಲಪ್ರಭಾ ನದಿಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರ್ ದೂರ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಉಗಮದ ಕಡೆ ಸಹ್ಯಾದ್ರಿಯ ಧಾರಾಕಾರ ಮಳೆ; ಪೂರ್ವಕ್ಕೆ ಸರಿದಂತೆ ಮಳೆ ತೀವ್ರವಾಗಿ ಇಳಿಯುತ್ತ ರಾಮದುರ್ಗದ ಹೊತ್ತಿಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಒಂದೇ ನದಿಯ ದಂಡೆಯಲ್ಲಿ ಇಷ್ಟು ಅಲ್ಪ ಅಂತರದೊಳಗೆ ಮಲೆನಾಡು, ಅರೆಮಲೆನಾಡು, ಬಯಲುನಾಡು ಮೂರೂ ಬರುತ್ತವೆ.

ಈ ವ್ಯತ್ಯಾಸವನ್ನು ಮನೆಗಳ ಮಾಡು ನೇರವಾಗಿ ಹೇಳುತ್ತದೆ. ಖಾನಾಪುರದ ಕಡೆ ಜಂಬಿಟ್ಟಿಗೆಯ ಗೋಡೆ, ಕಡಿದಾದ ಇಳಿಜಾರಿನ ಹಂಚಿನ ಮಾಡು, ಗೋಡೆಯನ್ನು ನೀರಿನಿಂದ ಕಾಯುವ ಉದ್ದನೆಯ ಸೂರು. ಕಿತ್ತೂರು, ಬೈಲಹೊಂಗಲದ ನಡುನೆಲದಲ್ಲಿ ಹಂಚಿನ ಮಾಡೂ ಮಣ್ಣಿನ ಮಾಳಿಗೆಯೂ ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಸವದತ್ತಿಯನ್ನು ದಾಟಿ ರಾಮದುರ್ಗದ ಕಡೆ ಸಾಗಿದರೆ ಮರಳುಗಲ್ಲಿನ ಗುಡ್ಡಗಳ ಸಾಲು ಆರಂಭವಾಗುತ್ತದೆ. ಕಲ್ಲು ಮಣ್ಣುಗಳ ದಪ್ಪ ಗೋಡೆ, ಸಮತಟ್ಟಾದ ಮೇಲ್ಮುದ್ದೆಯ ಮನೆಗಳು ಸಾಮಾನ್ಯವಾಗುತ್ತವೆ. ಮಳೆ ಹೆಚ್ಚಿರುವಲ್ಲಿ ಮಾಡು ನೀರನ್ನು ಬೇಗನೆ ಕಳುಹಿಸಬೇಕು. ಮಳೆ ಕಡಿಮೆಯಿದ್ದು ಬಿಸಿಲು ಹೆಚ್ಚಿರುವಲ್ಲಿ ಅದು ಶಾಖವನ್ನು ತಡೆಯಬೇಕು. ಪ್ರಾಂತೀಯ ಶೈಲಿಯೆಂದು ಗುರುತಿಸುವ ಭೇದದ ಹಿಂದೆ ಬಹುತೇಕ ಇಷ್ಟು ಸರಳವಾದ ಕಾರಣವಿರುತ್ತದೆ.

ಮಣ್ಣಿನ ಪಾತ್ರವೂ ಕಡಿಮೆಯದಲ್ಲ. ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ಕಟ್ಟಿದ ಗೋಡೆ ನಿಲ್ಲುವುದು ಕಷ್ಟ. ಬೆಳೆಗೆ ಅತ್ಯುತ್ತಮವಾದ ನೆಲ ಮನೆಗೆ ಒಗ್ಗದು. ಆದ್ದರಿಂದ ಊರುಗಳು ಸಾಧ್ಯವಾದಷ್ಟು ಗಟ್ಟಿ ನೆಲದ ದಿಬ್ಬಗಳನ್ನು ಆರಿಸಿಕೊಂಡು, ಅಲ್ಲಿಯೇ ಒತ್ತೊತ್ತಾಗಿ ಬೆಳೆದವು. ಇಂತಹ ಊರುಗಳಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಅಂಗಳ ದೊರೆಯುವುದಿಲ್ಲ. ಮನೆಯ ಮುಂದಿನ ಓಣಿಯೇ ಎಲ್ಲರ ಅಂಗಳವಾಗಬೇಕಾಯಿತು.

ದೇವಾಲಯದ ತೆರೆದ ಅಂಚು

ಕಿತ್ತೂರಿನ ಸಮೀಪದ ದೇಗಾಂವದ ಕಮಲನಾರಾಯಣ ದೇವಾಲಯವನ್ನು ಗೋವೆಯ ಕದಂಬ ದೊರೆ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದಳು. ಅದರ ಕಾಲ 1174ರ ಸುಮಾರು, ಶಿಲ್ಪಿ ತಿಪ್ಪೋಜ. ಈ ದೇವಾಲಯದ ಕೆತ್ತನೆಯ ಸೊಬಗಿನ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಇಲ್ಲಿ ಗಮನಿಸಬೇಕಾದುದು ಅದರ ವಿನ್ಯಾಸ. ಮೂರು ಗರ್ಭಗೃಹಗಳು ಒಂದೇ ಸಾಲಿನಲ್ಲಿದ್ದು, ಅವುಗಳ ಮುಂದೆ ಮುಂಭಾಗ ತೆರೆದ ಉದ್ದನೆಯ ಮಂಟಪವಿದೆ. ಮಂಟಪದ ಅಂಚಿಗೆ ಕಕ್ಷಾಸನ, ಅಂದರೆ ಬೆನ್ನು ಒರಗಿಸಲು ಓರೆಯಾದ ಕೈಪಿಡಿಗೋಡೆಯುಳ್ಳ ಕಲ್ಲಿನ ಆಸನ. ಮೇಲೆ ಮುಂಚಾಚಿ ಬಾಗಿದ ಸೂರು.

ಈ ಮೂರು ಅಂಗಗಳನ್ನು ಒಟ್ಟಿಗೆ ನೋಡಿದರೆ ಅವುಗಳ ತರ್ಕ ತಿಳಿಯುತ್ತದೆ. ಸೂರು ಮಳೆಯ ಎರಚಲನ್ನು ಹೊರಗಿಡುತ್ತದೆ. ಓರೆಗೋಡೆ ಅಳಿದುಳಿದ ಹನಿಯನ್ನು ತಡೆಯುತ್ತದೆ. ತೆರೆದ ಮುಂಭಾಗ ಗಾಳಿಬೆಳಕನ್ನು ಒಳಗೆ ಬಿಡುತ್ತದೆ. ಹವೆಗೆ ಹೊಂದುವಂತೆ ರೂಪುಗೊಂಡ ಈ ಅಂಚು ಅದೇ ಕಾರಣದಿಂದ ಕೂರಲು ತಕ್ಕ ಜಾಗವೂ ಆಯಿತು. ಗರ್ಭಗೃಹ ದೇವರದು, ಆದರೆ ಕಕ್ಷಾಸನ ಕೂರುವವರದು. ಇದೇ ಮಲಪ್ರಭೆಯ ಕಣಿವೆಯ ಕೆಳಭಾಗದಲ್ಲಿರುವ ಐಹೊಳೆಯ ಲಾಡಖಾನ ಗುಡಿಯು ಊರ ಸಭಾಮಂದಿರದ ಮಾದರಿಯಿಂದ ಬಂದಿರಬಹುದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅದರ ಇಳಿಜಾರಾದ ಕಲ್ಲುಚಪ್ಪಡಿಗಳ ಮಾಡು ಮತ್ತು ಸಂದುಗಳನ್ನು ಮುಚ್ಚುವ ಕಲ್ಲಿನ ಪಟ್ಟಿಗಳು ಮರದ ಕಟ್ಟಡದ ನೆನಪನ್ನು ಉಳಿಸಿಕೊಂಡಿವೆ. ಆ ಅಭಿಪ್ರಾಯವನ್ನು ಒಪ್ಪಿದರೆ, ಕುಳಿತು ಮಾತನಾಡುವ ಜಾಗವೇ ಮೊದಲು, ದೇವಾಲಯದ ಮಂಟಪ ಅನಂತರದ್ದು ಎಂದಾಗುತ್ತದೆ.

ನೀರಿನ ಸುತ್ತ ಕಟ್ಟಿದ ತಾಣಗಳು ಇನ್ನೊಂದು ಬಗೆಯವು. ಸೊಗಲದ ಸೋಮೇಶ್ವರ ದೇವಾಲಯವು ಗುಡ್ಡದ ಕಣಿವೆಯಲ್ಲಿ ಜಲಪಾತದ ಮಗ್ಗುಲಲ್ಲಿದೆ. ಅಲ್ಲಿ ದೊರೆತ 980ರ ಶಾಸನವು ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಕಾಲದ್ದು; ಸಾವಿರ ವರ್ಷಗಳಿಗೂ ಹಿಂದೆಯೇ ಅದು ಹೆಸರಾದ ಸ್ಥಳವಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರದ ಶಬರಿಕೊಳ್ಳದಲ್ಲಿಯೂ ಗುಡ್ಡದ ಸಂದಿನ ನೀರೇ ದೇವಾಲಯಕ್ಕೆ ಕಾರಣ. ಒಣನಾಡಿನಲ್ಲಿ ಬತ್ತದ ಸೆಲೆಯಿರುವೆಡೆ ದನಕರು, ದಾರಿಹೋಕರು, ಹೊಲದವರು ತಾವಾಗಿಯೇ ಸೇರುತ್ತಾರೆ. ವಾಸ್ತುವಿನ ಕೆಲಸ ಅಲ್ಲಿ ಸ್ವಲ್ಪವೇ: ನೀರನ್ನು ಹೊಂಡಕ್ಕೆ ತಂದು ನಿಲ್ಲಿಸುವುದು, ಇಳಿಯಲು ಮೆಟ್ಟಿಲು ಕಟ್ಟುವುದು, ನೆರಳಿಗೆ ಒಂದು ಮಂಟಪ ಎತ್ತುವುದು. ಜನ ಮೊದಲೇ ಸೇರುತ್ತಿದ್ದ ಜಾಗಕ್ಕೆ ಕಟ್ಟಡವು ರೂಪವನ್ನಷ್ಟೇ ಕೊಟ್ಟಿತು.

ಸವದತ್ತಿಯ ಎಲ್ಲಮ್ಮನ ಗುಡ್ಡವು ಇದೇ ತತ್ತ್ವದ ಅತಿ ದೊಡ್ಡ ನಿದರ್ಶನ. ಈಗಿನ ದೇವಾಲಯವನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗಿದೆ. ಗುಡಿಯ ಗಾತ್ರಕ್ಕೂ ಅಲ್ಲಿಗೆ ಬರುವ ಜನಸಂಖ್ಯೆಗೂ ಹೋಲಿಕೆಯೇ ಇಲ್ಲ. ಲಕ್ಷಾಂತರ ಭಕ್ತರನ್ನು ಹಿಡಿದಿಡುವುದು ಗುಡಿಯಲ್ಲ, ಗುಡ್ಡ. ಗುಡ್ಡದ ಬುಡದ ಜೋಗುಳಬಾವಿ, ಮೇಲಿನ ಎಣ್ಣೆಹೊಂಡ, ಗುಡಿಯ ಸುತ್ತಲಿನ ಪೌಳಿ, ಅದರಾಚೆ ಚಕ್ಕಡಿ ಬಿಟ್ಟು ಒಲೆ ಹೂಡುವ ಬಯಲು ಹೀಗೆ ತಾಣಗಳ ಒಂದು ಸರಣಿಯೇ ಇದೆ. ಜಾತ್ರೆಗಳ ಕಾಲವನ್ನೂ ಗಮನಿಸಬೇಕು. ಹೊಸ್ತಿಲ ಹುಣ್ಣಿಮೆಯಿಂದ ದವನದ ಹುಣ್ಣಿಮೆಯವರೆಗಿನ ತಿಂಗಳುಗಳು ಮಳೆಯಿಲ್ಲದವು, ಸುಗ್ಗಿಯನ್ನು ಒಳಗೊಂಡವು. ಹುಣ್ಣಿಮೆಯ ಬೆಳಕು ರಾತ್ರಿಯ ಪಯಣಕ್ಕೆ ಸಾಕು. ಮಾಡಿಲ್ಲದ ಬಯಲು ಸಾರ್ವಜನಿಕ ಸ್ಥಳವಾಗಿ ಒದಗಲು ಪಂಚಾಂಗವೂ ನೆರವಾಗಿದೆ. ಹೀಗಾಗಿ ಅದರ ಶಿಖರವನ್ನಷ್ಟೇ ಅಳೆದರೆ ಎಲ್ಲಮ್ಮನ ಗುಡಿಯ ವಾಸ್ತು ಅರ್ಥವಾಗದು.

ಓಣಿ, ಕಟ್ಟೆ, ಮಾಳಿಗೆ

ಜನವಸತಿಯ ವಾಸ್ತು ಶಾಸನಗಳಲ್ಲಿ ಬರೆಯಲ್ಪಟ್ಟಿಲ್ಲ. ಅದನ್ನು ಕಟ್ಟಿದ ಒಡ್ಡರು, ಬಡಿಗರು, ಕಮ್ಮಾರರ ಹೆಸರುಗಳೂ ಉಳಿದಿಲ್ಲ. ಆದರೆ ಅದರ ಜ್ಞಾನ ಖಚಿತವಾದುದು. ಮೇಲ್ಮುದ್ದೆ ಮನೆಯಲ್ಲಿ ಎರಡು ಮೂರು ಅಡಿ ದಪ್ಪದ ಗೋಡೆ. ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆಯ ತುಂಡುಗಳು ಮತ್ತು ಸೊಪ್ಪು, ಎಲ್ಲದರ ಮೇಲೆ ದಪ್ಪನಾದ ಮಣ್ಣಿನ ಹಾಸು. ಹುಲ್ಲು ಬೇರೂರದ, ನೀರು ತಾಗಿದೊಡನೆ ಬಿಗಿದುಕೊಳ್ಳುವ ಸವಳು ಮಣ್ಣನ್ನು ಮೇಲ್ಪದರಕ್ಕೆ ಆರಿಸುತ್ತಿದ್ದರು. ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಮಾಳಿಗೆಗೆ ಮಣ್ಣು ಹಾಕುವುದು ಮನೆಯ ಕೆಲಸಗಳಲ್ಲೊಂದಾಗಿತ್ತು. ಹಗಲಿನ ಶಾಖ ಈ ದಪ್ಪ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕಿಟಕಿಗಳು ಕಡಿಮೆ, ಮಾಳಿಗೆಯಲ್ಲಿ ತೆರೆದ ಬೆಳಕಿಂಡಿಯಿಂದ ಬೆಳಕು ಬರುತ್ತದೆ, ಹೊಗೆ ಹೋಗುತ್ತದೆ.

ಇಂತಹ ಮನೆಯು ಬಾಗಿಲ ಎರಡೂ ಬದಿಗೆ ಕಟ್ಟೆಯನ್ನು ಹೊಂದಿರುತ್ತದೆ. ಕಟ್ಟೆಗೆ ಮೊದಲ ಕಾರಣ ಗೋಡೆಯ ರಕ್ಷಣೆ. ಮಣ್ಣಿನ ಗೋಡೆಯ ಬುಡಕ್ಕೆ ಓಣಿಯ ನೀರು ತಾಗದಂತೆ ಕಲ್ಲಿನಿಂದ ಕಟ್ಟಿದ ಒತ್ತುಗೋಡೆಯದು. ಆದರೆ ಮನೆಯ ಒಳಗೆ ಕತ್ತಲೆ ಮತ್ತು ತಂಪು, ಹೊರಗೆ ಬೆಳಕು. ಬೆಳಗು ಸಂಜೆಗಳಲ್ಲಿ ಓಣಿಯ ಒಂದು ಬದಿಗೆ ಎದುರು ಮನೆಯ ನೆರಳು. ಹೀಗಿರುವಾಗ ಕಟ್ಟೆ ಕೂರುವ ಜಾಗವಾಗದೆ ಇರಲಾರದು. ಹಗ್ಗ ಹೊಸೆಯುವುದು, ಕಾಳು ಹಸನು ಮಾಡುವುದು, ವ್ಯಾಜ್ಯ ಬಗೆಹರಿಸುವುದು, ದಾರಿಹೋಕನಿಗೆ ನೀರು ಕೊಡುವುದು ಎಲ್ಲವೂ ಅಲ್ಲಿಯೇ. ಕಟ್ಟೆ ಮನೆಯವರದು, ಆದರೆ ಅದರ ಮೇಲೆ ಕೂರಲು ಮನೆಯವರ ಅಪ್ಪಣೆ ಬೇಕಿಲ್ಲ. ಒಡೆತನ ಒಬ್ಬರದಾಗಿ ಬಳಕೆ ಹಲವರದಾಗುವ ಈ ಗುಣವೇ ಕಟ್ಟೆಯ ವೈಶಿಷ್ಟ್ಯ. ದೇಗಾಂವದ ಕಕ್ಷಾಸನಕ್ಕೂ ಓಣಿಯ ಕಟ್ಟೆಗೂ ಇರುವ ನಂಟು ಇದೇ.

ಮಾಳಿಗೆಯೂ ಹಾಗೆಯೇ. ಅಕ್ಕಪಕ್ಕದ ಮನೆಗಳು ಒಂದೇ ಗೋಡೆಯನ್ನು ಹಂಚಿಕೊಂಡು ಒಂದೇ ಎತ್ತರಕ್ಕೆ ನಿಂತಾಗ ಊರಿನ ಮೇಲೆ ಇನ್ನೊಂದು ನೆಲವೇ ಸಿದ್ಧವಾಗುತ್ತದೆ. ಮೆಣಸಿನಕಾಯಿ ಒಣಗಿಸುವುದು, ಶಾವಿಗೆ ಹಪ್ಪಳ ಹಾಕುವುದು, ಬೇಸಗೆಯಲ್ಲಿ ಮಲಗುವುದು ಅಲ್ಲಿ. ಓಣಿಯ ಕಟ್ಟೆಯಲ್ಲಿ ಹೆಂಗಸರಿಗೆ ದೊರೆಯದ ಸಲುಗೆ ಮಾಳಿಗೆಯ ಮೇಲೆ ದೊರೆಯುತ್ತಿತ್ತು.

ಈ ಮಾತು ಇನ್ನೊಂದು ಮುಖವನ್ನು ನೆನಪಿಸುತ್ತದೆ. ಹಳೆಯ ಊರಿನ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲ. ಚಾವಡಿಯ ಕಟ್ಟೆ ಗಂಡಸರದು, ಅದರಲ್ಲಿಯೂ ಮೇಲುಜಾತಿಯ ಗಂಡಸರದು. ಅಗಸಿಯು ಊರನ್ನು ಕಾಯುತ್ತಿದ್ದಂತೆಯೇ ಊರನ್ನು ಒಳಗು ಹೊರಗೆಂದು ವಿಭಾಗಿಸುತ್ತಲೂ ಇತ್ತು. ದಲಿತರ ಕೇರಿ ಅದರಾಚೆಗೆ. ಬಾವಿ, ಗುಡಿ, ಹೊಂಡಗಳ ಮೆಟ್ಟಿಲುಗಳಲ್ಲಿಯೂ ಇದೇ ಗೆರೆ. ಪರಿಸರಕ್ಕೆ ಸೂಕ್ಷ್ಮವಾಗಿ ಸ್ಪಂದಿಸಿದ ವಾಸ್ತುವು ಮನುಷ್ಯರ ವಿಷಯದಲ್ಲಿ ಅಷ್ಟೇ ಕಠಿಣವಾಗಿತ್ತೆಂಬುದನ್ನು ಮರೆತು ಹಳೆಯದನ್ನು ಕೊಂಡಾಡುವುದು ಶಾಸ್ತ್ರೀಯ ಅಧ್ಯಯನಕ್ಕೆ ತಕ್ಕುದಲ್ಲ.

ಕೋಟೆ, ಅರಮನೆ, ಪೇಟೆ

ಆಳುವವರ ಕಟ್ಟಡಗಳು ಜನರನ್ನು ಹೊರಗಿಡಲೆಂದೇ ಕಟ್ಟಿದವು. ಆದರೂ ಕಾಲ ಅವುಗಳನ್ನು ಬೇರೆ ಬಗೆಯಲ್ಲಿ ಬಳಸಿಕೊಂಡಿದೆ. ಕಿತ್ತೂರಿನ ಕೋಟೆ ಮತ್ತು ಅರಮನೆಯು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯ ಕಾಲದಲ್ಲಿ ರೂಪುಗೊಂಡಿತು. ನೀರಿನ ತೊಟ್ಟಿಗಳು, ನೀರು ಸಾಗಿಸುವ ಕೊಳವೆಗಳು, ಸ್ನಾನಗೃಹಗಳು, ಧ್ರುವನಕ್ಷತ್ರವನ್ನು ನೋಡಲೆಂದು ಮಾಡಿದ್ದೆಂದು ಹೇಳುವ ಗೋಡೆಯ ರಂಧ್ರ ಇಂದಿಗೂ ಅವಶೇಷಗಳಲ್ಲಿ ಕಾಣುತ್ತವೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೆದುರು ಥ್ಯಾಕರೆ ಹತನಾದ ಯುದ್ಧದ ತರುವಾಯ ಕೋಟೆ ಬ್ರಿಟಿಷರ ಕೈಸೇರಿ ಹಾಳಾಯಿತು. ಮಾಡಿಲ್ಲದ ಆ ಅರಮನೆಯ ಬಯಲಿಗೆ ಪ್ರತಿವರ್ಷ ಅಕ್ಟೋಬರಿನ ಕಿತ್ತೂರು ಉತ್ಸವದ ದಿನಗಳಲ್ಲಿ ನಾಡಿನ ಜನ ಬಂದು ಸೇರುತ್ತಾರೆ. 2024ರಲ್ಲಿ ಆ ವಿಜಯದ ಇನ್ನೂರನೆಯ ವರ್ಷವನ್ನು ಆಚರಿಸಲಾಯಿತು. ಒಂದು ಮನೆತನದ ಖಾಸಗಿ ಆವರಣವು ಹಾಳಾದ ಮೇಲೆ ಎಲ್ಲರ ಸ್ಥಳವಾಯಿತು.

ರಾಮದುರ್ಗದ ಕತೆ ಇದಕ್ಕಿಂತ ಬಿಗುವಾದುದು. ಗುಡ್ಡಗಳ ನಡುವೆ, ನದಿಯ ಸೆರಗಿನಲ್ಲಿ ಬೆಳೆದ ಈ ಪಟ್ಟಣ ಭಾವೆ ಮನೆತನದ ಸಂಸ್ಥಾನದ ರಾಜಧಾನಿ. ಕೋಟೆ ಮತ್ತು ಅರಮನೆ ಅದರ ಒಂದು ಧ್ರುವವಾದರೆ ನೇಕಾರರ ಓಣಿಗಳು ಇನ್ನೊಂದು. ಕುಣಿಮಗ್ಗದ ಮನೆಯ ವಾಸ್ತು ಮಗ್ಗದಿಂದಲೇ ಆರಂಭವಾಗುತ್ತದೆ. ನೇಕಾರ ಕಾಲಿಳಿಬಿಟ್ಟು ಕೂರುವ ಕುಣಿ ನೆಲದ ತೇವವನ್ನು ನೂಲಿಗೆ ಒದಗಿಸಿ ಅದು ಕಡಿಯದಂತೆ ಕಾಯುತ್ತದೆ. ಹಾಸು ಹಾಕಲು ಓಣಿಯ ಉದ್ದ ಬೇಕು. ಹೀಗೆ ಓಣಿಯು ದಾರಿಯೂ ಕಾರ್ಖಾನೆಯೂ ಆಗುತ್ತದೆ. ಸಂಸ್ಥಾನದ ಪ್ರಜೆಗಳು ಹಕ್ಕುಗಳಿಗಾಗಿ ಸಂಘಟಿತರಾದಾಗ, 1939ರ ಏಪ್ರಿಲಿನಲ್ಲಿ ನಾಯಕರ ಬಂಧನದಿಂದ ಕೆರಳಿದ ಜನ ಕಾರಾಗೃಹಕ್ಕೆ ಮುತ್ತಿದರು. ಆ ಘಟನೆಯಲ್ಲಿ ಪ್ರಾಣಹಾನಿಯೂ ಆಯಿತು. ಅದು ರಾಮದುರ್ಗದ ದುರಂತವೆಂದೇ ಚರಿತ್ರೆಯಲ್ಲಿ ಹೆಸರಾಗಿದೆ. ಓಣಿಯಲ್ಲಿ, ಪೇಟೆಯಲ್ಲಿ ಕೂಡಿ ಮಾತನಾಡುವ ಅಭ್ಯಾಸವಿದ್ದ ಜನರಿಗೆ ಆಡಳಿತದ ಕಟ್ಟಡಗಳಲ್ಲಿ ತಮ್ಮ ಮಾತು ಹೇಳಲು ಎಡೆಯೇ ಇರಲಿಲ್ಲ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು.

ನೀರು ಏರಿದಾಗ

ಸವದತ್ತಿಯ ಹತ್ತಿರ ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹೋಗುವ ನವಿಲುತೀರ್ಥದ ಕಂದರದಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ನಿಸರ್ಗವೇ ಎರಡು ಬದಿಯ ಗೋಡೆಯನ್ನು ಒದಗಿಸಿದ್ದರಿಂದ ಸುಮಾರು 155 ಮೀಟರ್ ಉದ್ದದ ಕಟ್ಟೆಯೇ ಸುಮಾರು 37 ಟಿಎಂಸಿ ನೀರನ್ನು ಹಿಡಿದಿಡಲು ಸಾಕಾಯಿತು. ನೆಲವನ್ನು ಅರಿತು ಕಟ್ಟುವುದಕ್ಕೆ ಇದೂ ಒಂದು ನಿದರ್ಶನವೇ. ಅದರ ಬೆಲೆಯನ್ನು ತೆತ್ತವರು ರೇಣುಕಾಸಾಗರದ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ.

ತರುವಾಯ 2009ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಅತಿವೃಷ್ಟಿ ಮತ್ತು 2019ರ ಆಗಸ್ಟಿನ ನೆರೆ ಈ ಭಾಗದ ವಸತಿಯನ್ನು ಅಲುಗಾಡಿಸಿದವು. 2019ರಲ್ಲಿ ರಾಮದುರ್ಗ ಪಟ್ಟಣದ ತಗ್ಗಿನ ಭಾಗಗಳಿಗೂ ಮುನವಳ್ಳಿಗೂ ನದಿಯ ನೀರು ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗಗಳು ಹಾಳಾದವು. ಮೇಲ್ಮುದ್ದೆಯ ಮನೆ ಬಿಸಿಲಿಗೆ ಅತ್ಯುತ್ತಮ ಉತ್ತರ, ಆದರೆ ದಿನಗಟ್ಟಲೆ ನಿಲ್ಲುವ ನೀರಿಗೆ ಅದು ಉತ್ತರವಲ್ಲ. ಬುಡ ನೆನೆದ ಮಣ್ಣಿನ ಗೋಡೆಯು ಮೇಲಿನ ಮಣ್ಣಿನ ಭಾರಕ್ಕೆ ಕುಸಿಯುತ್ತದೆ. 1993ರ ಸೆಪ್ಟೆಂಬರ್ 30ರಂದು ನೆರೆಯ ಮಹಾರಾಷ್ಟ್ರದ ಲಾತೂರ್ ಭಾಗದ ಭೂಕಂಪದಲ್ಲಿ ಸುಮಾರು 8000 ಜನ ಸತ್ತದ್ದಕ್ಕೆ ಅಲ್ಲಿನ ಕಲ್ಲು ಮಣ್ಣಿನ ದಪ್ಪ ಗೋಡೆ ಮತ್ತು ಭಾರದ ಮಾಳಿಗೆಗಳು ಮುಖ್ಯ ಕಾರಣವಾದವು. ಆದ್ದರಿಂದ ಮನೆ ಕಳೆದುಕೊಂಡವರು ಸಿಮೆಂಟಿನ ಮನೆಯನ್ನು ಬಯಸಿದರೆ ಅದನ್ನು ಪರಂಪರೆಯ ಮರೆವು ಎನ್ನಲಾಗದು.

ಸಮಸ್ಯೆಯಿರುವುದು ಬೇರೆಡೆ. 2009ರ ನೆರೆಯ ಬಳಿಕ ದಾನಿಗಳ ನೆರವಿನೊಂದಿಗೆ ಸರಕಾರ ಕೈಗೊಂಡ ಆಸರೆ ಯೋಜನೆಯಲ್ಲಿ ಉತ್ತರ ಕರ್ನಾಟಕದ ಅನೇಕ ಕಡೆ ಹೊಸ ವಸತಿಗಳು ಎದ್ದವು. ಒಂದೇ ಅಚ್ಚಿನ ಸಣ್ಣ ಮನೆಗಳು ನೇರ ಸಾಲುಗಳಲ್ಲಿ, ಅಗಲವಾದ ರಸ್ತೆಗಳ ಎರಡು ಬದಿಗೆ ನಿಂತವು. ಹಲವೆಡೆ ಜನ ಅಲ್ಲಿಗೆ ಹೋಗಲು ಒಪ್ಪದೆ ಮನೆಗಳು ಖಾಲಿ ಉಳಿದವು. ಹೊಲಕ್ಕೆ ದೂರ, ದನಕ್ಕೆ ಜಾಗವಿಲ್ಲ, ಕಾಳು ಇಡಲು ಎಡೆಯಿಲ್ಲ ಎಂಬುವು ಸಾಮಾನ್ಯ ದೂರುಗಳು. ಇವುಗಳ ಜೊತೆಗೆ ಹೇಳದೆ ಉಳಿದ ಇನ್ನೊಂದು ಕೊರತೆಯಿದೆ. ಅಗಲವಾದ ರಸ್ತೆಗೆ ನೆರಳಿಲ್ಲ; ಸಿಮೆಂಟಿನ ಗೋಡೆಗೆ ಕಟ್ಟೆಯ ರಕ್ಷಣೆ ಬೇಕಿಲ್ಲವಾದ್ದರಿಂದ ಕಟ್ಟೆಯೂ ಇಲ್ಲ. ಮನೆಯಿಂದ ಹೊರಗೆ ಕಾಲಿಟ್ಟರೆ ನೇರವಾಗಿ ಬಿಸಿಲು. ಊರನ್ನು ಊರಾಗಿಸುತ್ತಿದ್ದ ಅಂಚು ಅಲ್ಲಿ ಅಳಿಸಿಹೋಗಿದೆ. ಲಾತೂರಿನಲ್ಲಿ ಸ್ಥಳಾಂತರಗೊಂಡ 50ಕ್ಕೂ ಹೆಚ್ಚು ಹಳ್ಳಿಗಳ ಅನುಭವವೂ ಇದಕ್ಕೆ ಹತ್ತಿರವಾದುದೇ.

ಕೇವಲ ಒಳ್ಳೆಯ ವಿನ್ಯಾಸದಿಂದಲೂ ಇದು ಬಗೆಹರಿಯದು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ 1945ರಲ್ಲಿ ಲಕ್ಸರ್ ಬಳಿ ಹೊಸ ಗುರ್ನಾ ಎಂಬ ಗ್ರಾಮವನ್ನು ಕಟ್ಟಲು ಆರಂಭಿಸಿದನು. ಹಸಿ ಇಟ್ಟಿಗೆ, ಕಮಾನು, ಗುಮ್ಮಟಗಳಿಂದ ಕೂಡಿ ಅಲ್ಲಿನ ಬಿಸಿಲಿಗೆ ಪೂರ್ಣವಾಗಿ ಹೊಂದುವ ಮನೆಗಳು, ಮಸೀದಿ, ಸಂತೆಕಟ್ಟೆ, ರಂಗಮಂದಿರ ಎಲ್ಲವೂ ಅದರಲ್ಲಿದ್ದವು. ಆದರೆ ಪ್ರಾಚೀನ ಗೋರಿಗಳ ಬಳಿಯೇ ತಮ್ಮ ಬದುಕು ಕಂಡುಕೊಂಡಿದ್ದ ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಪರಿಸರ ಎಂದರೆ ಗಾಳಿ, ಬಿಸಿಲು, ಮಣ್ಣು ಮಾತ್ರವಲ್ಲ. ಜನರ ದುಡಿಮೆಯೂ ಅದರ ಭಾಗವೇ ಎಂಬುದು ಇದರಿಂದ ತಿಳಿಯಬೇಕಾದ ಪಾಠ.

ಸಮಾರೋಪ

ಒಟ್ಟಿನಲ್ಲಿ, ಮಲಪ್ರಭೆಯ ದಂಡೆಯ ಸಾರ್ವಜನಿಕ ತಾಣಗಳಲ್ಲಿ ಬಹುಪಾಲು ಹವೆ, ಮಣ್ಣು, ನೀರು, ಕಸುಬುಗಳಿಗೆ ಕಟ್ಟಡ ಕೊಟ್ಟ ಉತ್ತರದಿಂದ ಹುಟ್ಟಿದವು. ಕಾರಣ ಬದಲಾದಾಗ ತಾಣವೂ ಅಳಿಯುತ್ತದೆ. ಮಣ್ಣಿನ ಗೋಡೆಯೊಡನೆ ಕಟ್ಟೆ ಬಂತು, ಅದರೊಡನೆಯೇ ಹೋಗುತ್ತಿದೆ. ಹಿಂದೆ ತಾನಾಗಿ ಒದಗುತ್ತಿದ್ದುದನ್ನು ಇನ್ನು ಮುಂದೆ ಉದ್ದೇಶಪೂರ್ವಕವಾಗಿ ಕಟ್ಟಬೇಕಾಗಿದೆ. ಪುನರ್ವಸತಿಯ ಬಡಾವಣೆಯಲ್ಲಾಗಲಿ, ಗ್ರಾಮ ಪಂಚಾಯತಿಯ ಕಚೇರಿ, ಶಾಲೆ, ಬಸ್ ನಿಲ್ದಾಣಗಳಲ್ಲಾಗಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ನೆಲ ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿದೆಯೇ? ಮಧ್ಯಾಹ್ನ ಎರಡು ಗಂಟೆಗೆ ಕಟ್ಟಡದ ಹೊರಗೆ ನೆರಳೆಲ್ಲಿದೆ? ಒಳಗೆ ಕೆಲಸವಿಲ್ಲದವನೂ ಕೂರಲು ಜಾಗವಿದೆಯೇ? ಮಗ್ಗ, ದನ, ಕಾಳುಗಳಿಗೆ ಎಡೆಯಿದೆಯೇ?

ಇವುಗಳ ಜೊತೆಗೆ ಹಳೆಯ ಊರು ಕೇಳದೆ ಬಿಟ್ಟ ಪ್ರಶ್ನೆಯೊಂದನ್ನೂ ಸೇರಿಸಬೇಕು: ಆ ಜಾಗದಲ್ಲಿ ಯಾರು ಕೂರಬಹುದು? ಅಗಸಿಯ ಒಳಗು ಹೊರಗುಗಳಿಲ್ಲದ, ಹೆಂಗಸರೂ ದಲಿತರೂ ಸಹಜವಾಗಿ ಕೂರಬಲ್ಲ ಕಟ್ಟೆಯನ್ನು ಕಟ್ಟುವ ಅವಕಾಶ ಹೊಸ ಊರಿಗಿದೆ. ಸಿಮೆಂಟಿನ ಕಟ್ಟಡಕ್ಕೆ ಹದಿನೆಂಟು ಅಂಗುಲ ಅಗಲದ ಒಂದು ಕಲ್ಲಿನ ಆಸನ, ಅದರ ಮೇಲೊಂದು ಮುಂಚಾಚಿದ ಸೂರು ಸೇರಿಸುವುದಕ್ಕೆ ಆಗುವ ವೆಚ್ಚ ಅಲ್ಪ. ತಿಪ್ಪೋಜ ದೇಗಾಂವದಲ್ಲಿ ರಾಣಿಯ ಗುಡಿಗೆ ಮಾಡಿದ್ದನ್ನೂ, ಹೆಸರಿಲ್ಲದ ಒಡ್ಡರು ಓಣಿಯ ಮನೆಗಳಿಗೆ ಮಾಡಿದ್ದನ್ನೂ ಇಂದಿನ ಅಭಿಯಂತರರು ಮಾಡಲಾರರೆಂಬುದಕ್ಕೆ ಕಾರಣವಿಲ್ಲ.